ಜಪಾನಿನ ವಾದ್ಯ ಮೆಟಲ್ ಕೇಳಲು ಶುರು ಮಾಡುವುದು ಹೇಗೆ?

ಕಳೆದ ವರ್ಷ ಅಕ್ಕನ ಜೊತೆ ಕಾರಿನಲ್ಲಿ ಮೈಸೂರಿಗೆ ಹೋಗುತ್ತಿದ್ದೆ. ಜಪಾನಿನ ಡಿ ಡ್ರೈವ್ ಬ್ಯಾಂಡಿನ ಸಂಗೀತ ಹಾಕಿದ್ದೆ. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದ ಅಕ್ಕ, "ಇದರಲ್ಲಿ ಹಾಡೋರು ಯಾವಾಗ ಬರ್ತಾರೋ?" ಅಂದಳು. "ಬರಲ್ಲ ಅಕ್ಕ, ಇಲ್ಲಿ ಹಾಡೋದು ಗಿಟಾರೇ" ಅಂದೆ. ಅವಳು ಮತ್ತೆ ಮಾತಾಡಲಿಲ್ಲ. ಮದ್ದೂರಿನಲ್ಲಿ ವಡೆ ತಿಂದು ಕಾರು ಹತ್ತಿದ ಮೇಲೆ ಅವಳೇ ಕೇಳಿದಳು: "ಆಗ ಮಧ್ಯದಲ್ಲಿ ಗಿಟಾರು ಅತ್ತ ಹಾಗೆ ಬಂತಲ್ಲ, ಅದನ್ನ ಇನ್ನೊಂದ್ಸಲ ಹಾಕು."

ಅಕ್ಕನಿಗೆ ಮೆಟಲ್, ಅಂದರೆ ಅಬ್ಬರದ ಎಲೆಕ್ಟ್ರಿಕ್ ಗಿಟಾರಿನ ಭಾರದ ರಾಕ್ ಸಂಗೀತ, ಗೊತ್ತಿಲ್ಲ. ಜಪಾನಿ ಭಾಷೆಯೂ ಗೊತ್ತಿಲ್ಲ. ಆದರೂ ಈ ಸಂಗೀತದಲ್ಲಿ ಹಿಡಿಯಬೇಕಾದ ಎಳೆಯನ್ನು ಮೊದಲ ದಿನವೇ ಹಿಡಿದಿದ್ದಳು. ಜಪಾನಿನ ಕೇಳುಗರು ಅದಕ್ಕೆ 'ನಾಕಿ ನೊ ಗಿಟಾ' ಅನ್ನುತ್ತಾರೆ. ಅಳುವ ಗಿಟಾರ್ ಅಂತ ಅರ್ಥ. ಹೊಸಬರು ಸಾಮಾನ್ಯವಾಗಿ ವೇಗ ನೋಡಿ ಬೆರಗಾಗುತ್ತಾರೆ, ಎರಡು ವಾರದಲ್ಲಿ ಆ ಬೆರಗು ಇಳಿದು ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಅಳುವ ಗಿಟಾರ್ ಹಿಡಿದು ಹೊರಟವರು ಬಿಡುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಹೆಜ್ಜೆಗಳನ್ನು ಆ ದಾರಿಯಲ್ಲೇ ಇಟ್ಟಿದ್ದೇನೆ. ಅದರಲ್ಲೂ ಗಿಟಾರ್ ವಾದಕಿಯರಿರುವ ಬ್ಯಾಂಡುಗಳನ್ನೇ ಆರಿಸಿಕೊಂಡಿದ್ದೇನೆ.

ಹೆಜ್ಜೆ 1: ಒಂದೇ ಬ್ಯಾಂಡ್, ಒಂದೇ ಆಲ್ಬಮ್, ಮೂರು ಸಲ

ಶುರುವಿನಲ್ಲಿ ಇಪ್ಪತ್ತು ಬ್ಯಾಂಡುಗಳ ಪಟ್ಟಿ ಇಟ್ಟುಕೊಂಡು ಕೂರಬೇಡಿ. ಎಲ್ಲವೂ ಒಂದೇ ಥರ ಕೇಳಿಸುತ್ತದೆ. ಡಿ ಡ್ರೈವ್ ಒಂದನ್ನೇ ಹಿಡಿಯಿರಿ. ಹುಡುಕುವಾಗ ಇಂಗ್ಲಿಷಿನ ಡಿ ಅಕ್ಷರ, ಆಮೇಲೆ ಅಂಡರ್‌ಸ್ಕೋರ್, ಆಮೇಲೆ ಡ್ರೈವ್ ಅಂತ ಟೈಪ್ ಮಾಡಬೇಕು. ಆ ಅಂಡರ್‌ಸ್ಕೋರ್ ಮರೆತರೆ ಕಾರು ಓಡಿಸುವ ವಿಡಿಯೋಗಳು ಬಂದುಬಿಡುತ್ತವೆ.

ಇದು ಒಸಾಕಾದ ಬ್ಯಾಂಡ್. 2009ರಲ್ಲಿ ಶುರುವಾಯಿತು. ಹಾಡುವವರೇ ಇಲ್ಲ. ಸೇಜಿ ಮತ್ತು ಯೂಕಿ ಇಬ್ಬರೂ ಗಿಟಾರ್ ನುಡಿಸುತ್ತಾರೆ. ಡ್ರಮ್ಸ್ ಚೀಕೊ ಅವರದು. ಯೂಕಿ, ಚೀಕೊ ಇಬ್ಬರೂ ಮಹಿಳೆಯರು. ಆಂಪ್ಲಿಫೈಯರ್ ತಯಾರಿಸುವ ಬ್ರಿಟನ್ನಿನ ಮಾರ್ಷಲ್ ಕಂಪನಿಗೆ ಸ್ವಂತ ರೆಕಾರ್ಡ್ ಲೇಬಲ್ ಕೂಡ ಇದೆ. ಆ ಲೇಬಲ್‌ನಿಂದ 2019ರಲ್ಲಿ ಇವರ 'ಮ್ಯಾಕ್ಸಿಮಮ್ ಇಂಪ್ಯಾಕ್ಟ್' ಬಂತು. ಜಪಾನಿನ ಹೊರಗಿನ ಬಹಳ ಜನ ಇವರನ್ನು ಕೇಳಿದ್ದು ಆಗಲೇ. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲ ಸಲ ಮನೆಗೆಲಸ ಮಾಡುತ್ತಾ ಕೇಳಿ. ಏನನ್ನೂ ಗಮನಿಸಲು ಹೋಗಬೇಡಿ. ಎರಡನೇ ಸಲ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ. ಎರಡು ಗಿಟಾರ್‌ಗಳಲ್ಲಿ ಒಂದರ ಬೆನ್ನು ಹತ್ತಿ. ಕೆಲವೊಮ್ಮೆ ಎರಡೂ ಸೇರಿ ಒಂದೇ ಮಟ್ಟನ್ನು ಬೇರೆ ಬೇರೆ ಎತ್ತರದಲ್ಲಿ ನುಡಿಸುತ್ತವೆ. ಇಬ್ಬರು ಒಟ್ಟಿಗೆ ಹಾಡಿದ ಹಾಗಿರುತ್ತದೆ. ಕೆಲವೊಮ್ಮೆ ಒಂದು ಪ್ರಶ್ನೆ ಕೇಳಿ ಇನ್ನೊಂದು ಉತ್ತರ ಕೊಡುತ್ತದೆ. ಮೂರನೇ ಸಲ ಡ್ರಮ್ಸ್ ಮಾತ್ರ ಕೇಳಿ.

ಇಷ್ಟಾದ ಮೇಲೆ ವಿಡಿಯೋ ನೋಡಿ, ಮೊದಲೇ ಬೇಡ. ಇದನ್ನು ನಾನು ತುಂಬಾ ಒತ್ತಿ ಹೇಳುತ್ತೇನೆ. ಮೊದಲು ನೋಡಿಬಿಟ್ಟರೆ "ಹುಡುಗಿಯಾಗಿ ಇಷ್ಟು ಚೆನ್ನಾಗಿ ನುಡಿಸ್ತಾಳಲ್ಲ" ಅನ್ನುವ ಮಾತು ತಲೆಗೆ ಬರುತ್ತದೆ. ಆ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಹೊಗಳಿಕೆಯ ಹಾಗೆ ಕಂಡರೂ ಅದು ನುಡಿಸಿದ್ದನ್ನು ಕೇಳಿಸಿಕೊಂಡೇ ಇಲ್ಲ. ಕಣ್ಣು ಮುಚ್ಚಿ ಕೇಳಿ ನಿಮಗೆ ಒಂದು ಸೋಲೋ, ಅಂದರೆ ಒಂದೇ ಗಿಟಾರ್ ಮುಂದೆ ಬಂದು ನುಡಿಯುವ ಭಾಗ, ಇಷ್ಟವಾಗಿರಲಿ. ಆಮೇಲೆ ವಿಡಿಯೋದಲ್ಲಿ ಅದನ್ನು ನುಡಿಸಿದ್ದು ಯೂಕಿಯೋ ಸೇಜಿಯೋ ಅಂತ ಹುಡುಕಿ. ಆ ಹುಡುಕಾಟದಲ್ಲಿ ಸಿಗುವ ಖುಷಿಯೇ ಬೇರೆ. ಹಾಗೆ ನೋಡುವಾಗ ಚೀಕೊ ಕೋಲುಗಳನ್ನು ಬೆರಳಲ್ಲಿ ಗಿರಗಿರ ತಿರುಗಿಸುವುದನ್ನೂ ಬಿಡಬೇಡಿ. ತಾಳ ಒಂದಿಷ್ಟೂ ತಪ್ಪುವುದಿಲ್ಲ.

ಹೆಜ್ಜೆ 2: ಎರಡು ಜಪಾನಿ ಪದ ಕಲಿಯಿರಿ

ಒಂದು 'ಹಾಯಾಬಿಕಿ'. ವೇಗವಾಗಿ ನುಡಿಸುವುದು ಅಂತ. ಇನ್ನೊಂದು ಆಗಲೇ ಹೇಳಿದ 'ನಾಕಿ', ಅಂದರೆ ಅಳು. ಈ ಎರಡು ಪದ ಕಿವಿಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಹಾಯಾಬಿಕಿಯಲ್ಲಿ ಮೂರು ಬಗೆಯ ಕೈಚಳಕ ಜಾಸ್ತಿ ಬರುತ್ತದೆ. ತಂತಿ ಮೀಟುವ ಚಿಕ್ಕ ಬಿಲ್ಲೆಗೆ ಪಿಕ್ ಅನ್ನುತ್ತಾರೆ. ಅದನ್ನು ಕೆಳಗೆ ಮೇಲೆ, ಕೆಳಗೆ ಮೇಲೆ ಅಂತ ತಪ್ಪದೆ ಹೊಡೆಯುವುದು ಆಲ್ಟರ್ನೇಟ್ ಪಿಕಿಂಗ್. ಮಷಿನ್ನಿನಲ್ಲಿ ಬಟ್ಟೆ ಹೊಲಿದಂತೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಪಿಕ್ ಅನ್ನು ಒಂದೇ ಎಳೆತದಲ್ಲಿ ಎಲ್ಲ ತಂತಿಗಳ ಮೇಲೆ ಜಾರಿಸುವುದು ಸ್ವೀಪ್. ಇದರಲ್ಲಿ ಕಷ್ಟ ಇರುವುದು ಎಡಗೈಯಲ್ಲಿ. ಪ್ರತಿ ಸ್ವರ ನುಡಿದ ಕೂಡಲೇ ಬೆರಳು ಸಡಿಲಿಸಿ ಅದನ್ನು ಸುಮ್ಮನಾಗಿಸಬೇಕು, ಇಲ್ಲವಾದರೆ ಎಲ್ಲವೂ ಕಲಸಿಹೋಗುತ್ತದೆ. ಮೂರನೆಯದು ಟ್ಯಾಪಿಂಗ್. ಬಲಗೈ ಬೆರಳುಗಳೂ ಗಿಟಾರಿನ ಕತ್ತಿನ ಮೇಲೆ ಬಂದು, ತಂತಿಯನ್ನು ನೇರವಾಗಿ ತಟ್ಟಿ ನುಡಿಸುತ್ತವೆ. ನೋಡಲು ಪಿಯಾನೋ ನುಡಿಸಿದ ಹಾಗೇ ಇರುತ್ತದೆ.

ನಾಕಿ ಅರ್ಥವಾಗುವುದು ಕನ್ನಡಿಗರಿಗೆ ಕಷ್ಟವೇ ಅಲ್ಲ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುತ್ತಾರಲ್ಲ, ಕೆಲಸ ಹೆಚ್ಚು ಕಡಿಮೆ ಅದೇ. ಗಿಟಾರಿನಲ್ಲೂ ತಂತಿಯನ್ನು ಒತ್ತಿ ಮೇಲಕ್ಕೆ ತಳ್ಳಿದರೆ ಸ್ವರ ಏರುತ್ತದೆ. ಎಷ್ಟು ಏರಬೇಕು, ಏರಿದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ನಿಂತಲ್ಲಿ ಎಷ್ಟು ನಡುಗಬೇಕು ಅನ್ನುವುದರಲ್ಲೇ ಅಳು ಇರುವುದು. ವೇಗದ ಸ್ವರಗಳ ಮಧ್ಯೆ ಒಂದೇ ಒಂದು ಉದ್ದ ಸ್ವರ ಬಂದು ನಿಂತಾಗ ಕೇಳಿ. ನುಡಿಸುವವರ ಗುರುತು ಸಿಗುವುದು ಅಲ್ಲೇ.

ಜಪಾನಿನ ಮೆಟಲ್ ಕೇಳುಗರಲ್ಲಿ ಇನ್ನೊಂದು ಚಂದದ ಪದವಿದೆ. ಮಟ್ಟು ತೀರಾ ಭಾವುಕವಾಗಿ, ಎದೆ ಹಿಂಡುವಂತಿದ್ದರೆ ಅದನ್ನು 'ಕುಸಾ ಮೆಟಾರು' ಅನ್ನುತ್ತಾರೆ. ಅಕ್ಷರಶಃ ನಾತದ ಮೆಟಲ್ ಅಂತ. ಆದರೆ ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ.

ಸ್ವಲ್ಪ ಹಿಂದಕ್ಕೆ: ಹಾಡಿಲ್ಲದ ಸಂಗೀತಕ್ಕೆ ಅಲ್ಲಿ ಇಷ್ಟು ಜನ ಯಾಕೆ?

ಇದು ಹೆಜ್ಜೆ ಅಲ್ಲ, ಆದರೆ ತಿಳಿದರೆ ಒಳ್ಳೆಯದು. 1960ರ ದಶಕದಲ್ಲಿ ಅಮೆರಿಕದ ದಿ ವೆಂಚರ್ಸ್ ಅನ್ನುವ ವಾದ್ಯ ಬ್ಯಾಂಡ್ ಜಪಾನಿಗೆ ಬಂದು ದೊಡ್ಡ ಅಲೆಯನ್ನೇ ಎಬ್ಬಿಸಿತು. ಊರೂರಿನ ಹುಡುಗರು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಆ ಕಾಲವನ್ನು ಅಲ್ಲಿ 'ಎರೆಕಿ ಬೂಮ್' ಅನ್ನುತ್ತಾರೆ. ತಾಕೇಶಿ ತೆರಾಉಚಿ ಅನ್ನುವ ಗಿಟಾರ್ ವಾದಕರು 1967ರಲ್ಲಿ ಬೀಥೋವನ್‌ನ ಐದನೇ ಸಿಂಫನಿಯನ್ನೇ ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿ ರೆಕಾರ್ಡ್ ತಂದರು. ಪಶ್ಚಿಮದ ಶಾಸ್ತ್ರೀಯ ಸಂಗೀತವನ್ನು ಗಿಟಾರಿಗೆ ತರುವ ಹುಚ್ಚು ಅಲ್ಲಿ ಅಷ್ಟು ಹಳೆಯದು. ಆಮೇಲೆ ಕ್ಯಾಸಿಯೋಪಿಯಾ, ಟಿ-ಸ್ಕ್ವೇರ್ ಥರದ ಫ್ಯೂಷನ್ ಬ್ಯಾಂಡುಗಳು, ಅಂದರೆ ಜಾಝ್ ಮತ್ತು ರಾಕ್ ಬೆರೆಸಿ ನುಡಿಸುವವರು, ಬಂದವು. ಟಿ-ಸ್ಕ್ವೇರ್‌ನ 'ಟ್ರೂತ್' 1987ರಿಂದ ಟಿವಿಯಲ್ಲಿ ಫಾರ್ಮುಲಾ ಒನ್ ರೇಸಿನ ಜೊತೆ ಮೊಳಗಿತು. ಹಾಡುವವರಿಲ್ಲದ ಮಟ್ಟನ್ನು ಗುನುಗುವುದು ಅಲ್ಲಿನ ಮನೆಮನೆಗೂ ಗೊತ್ತು.

ಮಹಿಳೆಯರ ಕಥೆಯೂ ಇವತ್ತಿನದಲ್ಲ. ಶೋ-ಯಾ ಅನ್ನುವ ಮಹಿಳೆಯರದೇ ಹಾರ್ಡ್ ರಾಕ್ ಬ್ಯಾಂಡಿನ ಮೊದಲ ರೆಕಾರ್ಡ್ ಬಂದದ್ದು 1985ರಲ್ಲಿ. 1987ರಲ್ಲಿ ಅವರು ಟೋಕಿಯೋದ ಹಿಬಿಯಾ ಬಯಲು ರಂಗಮಂದಿರದಲ್ಲಿ ಮಹಿಳಾ ಕಲಾವಿದರದೇ ಉತ್ಸವ ನಡೆಸಿದರು. 'ನಾವೊನ್ ನೊ ಯಾವೊನ್' ಅಂತ ಅದರ ಹೆಸರು. ಇವತ್ತಿನ ಗಿಟಾರ್ ವಾದಕಿಯರಿಗೆ ದಾರಿ ಮಾಡಿದವರಲ್ಲಿ ಅವರೂ ಇದ್ದಾರೆ.

ಹೆಜ್ಜೆ 3: ಒಂದೇ ಗಿಟಾರ್ ಇರುವ ಬ್ಯಾಂಡ್

ಎರಡು ಗಿಟಾರ್ ಕೇಳಿ ಪಳಗಿದ ಮೇಲೆ ಆಸ್ಟರಿಸಮ್‌ಗೆ ಬನ್ನಿ. ಫುಕುವೋಕಾದ ಮೂವರ ಬ್ಯಾಂಡ್. 2014ರಲ್ಲಿ ಶುರುವಾದಾಗ ಎಲ್ಲರೂ ಇನ್ನೂ ಶಾಲೆಗೆ ಹೋಗುವ ಮಕ್ಕಳು. ಗಿಟಾರ್ ಹಾರುಕಾ ಅವರದು, ಬಾಸ್ (ತಗ್ಗು ಸ್ವರದ ಗಿಟಾರ್) ಮತ್ತು ಡ್ರಮ್ಸ್ ಅಣ್ಣತಮ್ಮಂದಿರಾದ ಮಿಯು, ಮಿಯೊ ಅವರದು. ಹಾರುಕಾ ಅವರ ಹೆಸರನ್ನು ಹುಡುಕುವಾಗ ಇಂಗ್ಲಿಷಿನಲ್ಲಿ ಎಚ್‌ಎಎಲ್, ಮಧ್ಯೆ ಅಡ್ಡಗೆರೆ, ಆಮೇಲೆ ಸಿಎ ಅಂತ ಬರೆಯಬೇಕು. ಬೆಂಗಳೂರಿನವರಿಗೆ ನೆನಪಿಡುವುದು ಸುಲಭ. ನಮ್ಮ ವಿಮಾನ ಕಾರ್ಖಾನೆಯ ಮೂರು ಅಕ್ಷರಗಳೇ ಮೊದಲಿಗೆ ಬರುತ್ತವೆ.

ಮೂವರ ಬ್ಯಾಂಡಿನಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಗಿಟಾರ್ ಸೋಲೋಗೆ ಹೋದರೆ ಹಿಂದೆ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಹಿಡಿಯಲು ಇನ್ನೊಬ್ಬ ಗಿಟಾರ್ ವಾದಕ ಇರುವುದಿಲ್ಲ. ಆ ಖಾಲಿ ಜಾಗವನ್ನು ಬಾಸ್ ತುಂಬಬೇಕು. ಹಾಗಾಗಿ ಇವರನ್ನು ಕೇಳುವಾಗ, ಹಾರುಕಾ ಸೋಲೋ ಶುರು ಮಾಡಿದ ಕ್ಷಣ ಕಿವಿಯನ್ನು ಬಾಸ್ ಕಡೆ ತಿರುಗಿಸಿ. ಆಮೇಲೆ ವಾಪಸ್ ಗಿಟಾರಿಗೆ ಬನ್ನಿ. ಲೆಕ್ಕ ಮುರಿದು ಮುರಿದು ಓಡುವ ತಾಳ, ಫ್ಯೂಷನ್‌ನ ಛಾಯೆ, ಮಧ್ಯೆ ಥಟ್ಟನೆ ಬಂದು ಬೀಳುವ ಭಾರದ ರಿಫ್. ಡಿ ಡ್ರೈವ್‌ನ ಹಾಗೆ ಮಟ್ಟು ಕೂಡಲೇ ಬಾಯಿಗೆ ಬರುವುದಿಲ್ಲ. ಎರಡು ಮೂರು ದಿನ ಬೇಕು. ತನಿ ಆವರ್ತನ ಕೂತು ಕೇಳುವ ಅಭ್ಯಾಸ ಇರುವವರಿಗೆ ಅಷ್ಟೂ ಬೇಡ.

ಇಲ್ಲೇ ಗಿಟಾರ್ ವಾದಕಿ ಲಿ-ಸಾ-ಎಕ್ಸ್ ಹೆಸರನ್ನೂ ಬರೆದಿಟ್ಟುಕೊಳ್ಳಿ. 2005ರಲ್ಲಿ ಹುಟ್ಟಿದವರು. ಎಂಟನೇ ವಯಸ್ಸಿನಲ್ಲಿ ರೇಸರ್ ಎಕ್ಸ್ ಬ್ಯಾಂಡಿನ 'ಸ್ಕ್ಯಾರಿಫೈಡ್' ನುಡಿಸಿದ ವಿಡಿಯೋದಿಂದ ಜಗತ್ತಿಗೆ ಗೊತ್ತಾದರು. ಆ ಬ್ಯಾಂಡಿನ ಗಿಟಾರ್ ವಾದಕ ಪಾಲ್ ಗಿಲ್ಬರ್ಟ್ ಅವರೇ ಆಮೇಲೆ ಆಕೆಗೆ ಪಾಠ ಹೇಳಿದರು. 2017ರಲ್ಲಿ ಬಂದ ಆಕೆಯ 'ಸೆರೆಂಡಿಪಿಟಿ' ರೆಕಾರ್ಡಿಗೂ ಕೈಜೋಡಿಸಿದರು. ಎಂಟು ವರ್ಷದ ಮಗುವಿನ ವಿಡಿಯೋ ನೋಡಿ ಅಲ್ಲಿಗೇ ನಿಲ್ಲಬೇಡಿ. ದೊಡ್ಡವರಾದ ಮೇಲೆ ನುಡಿಸಿದ್ದನ್ನು ಕೇಳಿ.

ಹೆಜ್ಜೆ 4: ವೇಗವನ್ನು ಪೂರ್ತಿ ಬಿಡಿ

ಈಗ ವಾತಾ ಅವರ ಹತ್ತಿರ ಹೋಗೋಣ. ಈ ಬರಹದಲ್ಲಿ ನನಗೆ ತೀರಾ ಹತ್ತಿರದವರು ಇವರೇ.

1992ರಲ್ಲಿ ಟೋಕಿಯೋದಲ್ಲಿ ಶುರುವಾದ ಬೋರಿಸ್ ಬ್ಯಾಂಡಿನ ಗಿಟಾರ್ ವಾದಕಿ ವಾತಾ. ಬೋರಿಸ್ ಪೂರ್ತಿ ವಾದ್ಯ ಬ್ಯಾಂಡ್ ಅಲ್ಲ, ಹಾಡೂ ಇರುತ್ತದೆ. ಆದರೆ ಹಾಡಿಲ್ಲದ ದೀರ್ಘ ಕೆಲಸಗಳಲ್ಲಿ ಅವರಿಗೆ ಸಾಟಿ ಕಡಿಮೆ. 1996ರ 'ಅಬ್ಸಲ್ಯೂಟೆಗೊ' ಒಂದು ಗಂಟೆಗೂ ಮೀರಿದ ಒಂದೇ ಟ್ರ್ಯಾಕ್. ಅದರಿಂದ ಶುರು ಮಾಡಬೇಡಿ, ಓಡಿಹೋಗುತ್ತೀರಿ. 2000ದಲ್ಲಿ ಬಂದ 'ಫ್ಲಡ್' ಹಾಕಿ. ನಾಲ್ಕು ಭಾಗ, ಒಟ್ಟು ಸುಮಾರು 70 ನಿಮಿಷ, ಹೆಚ್ಚಿನ ಪಾಲು ವಾದ್ಯವೇ. ಮೊದಲ ಭಾಗದಲ್ಲಿ ಒಂದೇ ಚಿಕ್ಕ ಗಿಟಾರ್ ತುಣುಕು ಮತ್ತೆ ಮತ್ತೆ ಬರುತ್ತದೆ. ಅದರದೇ ಇನ್ನೊಂದು ಪ್ರತಿ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತಾ ಹೋಗುತ್ತದೆ. ಎರಡರ ನಡುವಿನ ಅಂತರ ಬದಲಾದ ಹಾಗೆಲ್ಲ ಹೊಸ ತಾಳ ಹುಟ್ಟುತ್ತದೆ. ಮಳೆಗಾಲದ ರಾತ್ರಿ ದೀಪ ಆರಿಸಿ ಕೇಳಿ. ಅರ್ಧಕ್ಕೆ ನಿಲ್ಲಿಸಬೇಡಿ, ಫೋನ್ ಪಕ್ಕಕ್ಕಿಡಿ.

ವೇದಿಕೆಯಲ್ಲಿ ವಾತಾ ಹೆಚ್ಚು ಕದಲುವುದಿಲ್ಲ. ಸುಮ್ಮನೆ ನಿಂತಿರುತ್ತಾರೆ. ಅವರ ಆಂಪ್‌ನಿಂದ ಬರುವ ಸದ್ದು ಮಾತ್ರ ಎದೆಗೆ ಗುದ್ದುತ್ತದೆ. ಇಲ್ಲಿ ಕೌಶಲ ಅಂದರೆ ಬೆರಳುಗಳ ಓಟ ಅಲ್ಲ. ಆಂಪ್, ಸದ್ದನ್ನು ಒರಟಾಗಿಸುವ ಫಜ್ ಪೆಡಲ್, ಆಂಪ್‌ನ ಸದ್ದು ಮತ್ತೆ ಗಿಟಾರಿಗೇ ಸೇರಿ ಹುಟ್ಟುವ ಫೀಡ್‌ಬ್ಯಾಕ್ ಎಲ್ಲವನ್ನೂ ಹಿಡಿತದಲ್ಲಿಟ್ಟುಕೊಂಡು ಒಂದು ಸ್ವರವನ್ನು ಸಾಯಲು ಬಿಡದೆ ಬೆಳೆಸುವುದು. ಅಮೆರಿಕದ ಅರ್ಥ್‌ಕ್ವೇಕರ್ ಡಿವೈಸಸ್ ಕಂಪನಿ 2021ರಲ್ಲಿ ಅವರಿಗಾಗಿಯೇ 'ಹಿಜುಮಿತಾಸ್' ಅನ್ನುವ ಫಜ್ ಪೆಡಲ್ ತಂದಿತು. 'ಹಿಜುಮಿ' ಅಂದರೆ ಜಪಾನಿಯಲ್ಲಿ ಡಿಸ್ಟಾರ್ಷನ್, ಸದ್ದು ಒಡೆದು ಒರಟಾಗುವುದು. ನಾಕಿ ಅಂದರೆ ತಂತಿ ಎಳೆಯುವುದು ಮಾತ್ರ ಅಂದುಕೊಂಡಿದ್ದ ನನಗೆ, ಸದ್ದಿನ ಗೋಡೆಯೂ ಅಳಬಲ್ಲದು ಅಂತ ಗೊತ್ತಾದದ್ದು ವಾತಾ ಅವರಿಂದ.

ಹೆಜ್ಜೆ 5: ಹಾಡಿರುವ ಬ್ಯಾಂಡುಗಳಲ್ಲಿ ಗಿಟಾರ್ ಹುಡುಕಿ

ಒಂದು ವಿಷಯ ನೇರವಾಗಿ ಹೇಳುತ್ತೇನೆ. ಪೂರ್ತಿ ವಾದ್ಯದ ಮೆಟಲ್ ನುಡಿಸುವ, ಮಹಿಳಾ ಗಿಟಾರ್ ವಾದಕಿಯರಿರುವ ಬ್ಯಾಂಡುಗಳು ಬಹಳ ಇಲ್ಲ. ಹೆಚ್ಚಿನ ದೊಡ್ಡ ವಾದಕಿಯರು ಹಾಡಿರುವ ಬ್ಯಾಂಡುಗಳಲ್ಲೇ ಇದ್ದಾರೆ. ಅವರನ್ನು ಬಿಟ್ಟರೆ ನಷ್ಟ ನಮಗೇ.

ಲವ್‌ಬೈಟ್ಸ್ 2016ರಲ್ಲಿ ಶುರುವಾದ ಬ್ಯಾಂಡ್. ಮಿಡೋರಿ, ಮಿಯಾಕೊ ಇಬ್ಬರು ಗಿಟಾರ್. ಮಿಯಾಕೊ ಪಿಯಾನೋವನ್ನೂ ಚೆನ್ನಾಗಿ ನುಡಿಸುತ್ತಾರೆ. 2020ರ ಆಲ್ಬಮ್‌ನಲ್ಲಿರುವ 'ಸ್ವಾನ್ ಸಾಂಗ್' ಶೋಪ್ಯಾನ್‌ನ ಪಿಯಾನೋ ಎಟ್ಯೂಡ್ (ಅಭ್ಯಾಸದ ಕೃತಿ) ಒಂದರಿಂದ ತೆರೆದುಕೊಳ್ಳುತ್ತದೆ. ತೆರಾಉಚಿಯವರ ಬೀಥೋವನ್ ನೆನಪಿದೆ ಅಲ್ವಾ? ಅದೇ ದಾರಿ. ನೆಮೋಫಿಲಾ ಬ್ಯಾಂಡಿನಲ್ಲಿ ಹಾಜುಕಿ ಇದ್ದಾರೆ, 2023ರವರೆಗೆ ಸಾಕಿಯೂ ಇದ್ದರು. ಸಾಕಿ ಮೇರೀಸ್ ಬ್ಲಡ್ ಬ್ಯಾಂಡಿನಲ್ಲೂ ಇದ್ದವರು. ಬ್ಯಾಂಡ್-ಮೇಡ್ ಹಾರ್ಡ್ ರಾಕ್ ಕಡೆಯದು. ಅದರ ಗಿಟಾರ್ ವಾದಕಿ ಕಾನಾಮಿ ಸಂಗೀತವನ್ನೂ ಬರೆಯುತ್ತಾರೆ. ಈ ಬ್ಯಾಂಡಿನ 'ಆನ್‌ಸೆಟ್', 'ಫ್ರಮ್ ನೌ ಆನ್' ಎರಡೂ ಹಾಡಿಲ್ಲದ ಟ್ರ್ಯಾಕುಗಳು. ಹಾಡಿನಿಂದ ವಾದ್ಯಕ್ಕೆ ದಾಟಲು ಇವು ಒಳ್ಳೆಯ ಸೇತುವೆ.

ಹುಡುಕುವ ಬಗೆ

ಹೆಚ್ಚಿನವರದು ಒಂದೇ ಪದದ ವೇದಿಕೆ ಹೆಸರು. ಯೂಕಿ, ಸಾಕಿ ಅಂತ ಹುಡುಕಿದರೆ ಸಾವಿರಾರು ಜನ ಬರುತ್ತಾರೆ. ಯಾವಾಗಲೂ ಬ್ಯಾಂಡಿನ ಹೆಸರು ಸೇರಿಸಿ. 'ಹಿಯಿತೆ ಮಿತಾ' ಅನ್ನುವ ಮಾತು ನೆನಪಿಡಿ. ನುಡಿಸಿ ನೋಡಿದೆ ಅಂತ ಅರ್ಥ. ಮನೆಯಲ್ಲಿ ಕೂತು ಗಿಟಾರ್ ನುಡಿಸಿ ಹಾಕುವ ವಿಡಿಯೋಗಳಿಗೆ ಜಪಾನಿನಲ್ಲಿ ಈ ಹೆಸರು. ಅನುವಾದದ ಆ್ಯಪ್‌ನಲ್ಲಿ ಅದನ್ನು ಜಪಾನಿ ಲಿಪಿಗೆ ಬದಲಿಸಿಕೊಂಡು ಹುಡುಕಿದರೆ ಇನ್ನೂ ಬ್ಯಾಂಡ್ ಕಟ್ಟದ ಹೊಸಬರು ಸಿಗುತ್ತಾರೆ. ವಾದ್ಯ ಸಂಗೀತಕ್ಕೆ ಅಲ್ಲಿ ಚಿಕ್ಕದಾಗಿ 'ಇನ್‌ಸುತೊ' ಅನ್ನುತ್ತಾರೆ. ಅದನ್ನೂ ಹಾಗೇ ಮಾಡಿ. 1969ರಿಂದ ಬರುತ್ತಿರುವ 'ಯಂಗ್ ಗಿಟಾರ್' ಪತ್ರಿಕೆಯ ವಿಡಿಯೋಗಳಲ್ಲಿ ಕೈಗಳನ್ನು ಹತ್ತಿರದಿಂದ ತೋರಿಸುತ್ತಾರೆ. ಭಾಷೆ ಬಾರದಿದ್ದರೂ ಬೆರಳು ನೋಡಿದರೆ ಸಾಕು.

ಗಿಟಾರ್ ಕಲಿಯುತ್ತಿರುವವರು ವಿಡಿಯೋದ ವೇಗವನ್ನು ಅರ್ಧಕ್ಕೆ ಇಳಿಸಿ ನೋಡಿ. ಮೊದಲೇ ಹಾಯಾಬಿಕಿಗೆ ಕೈ ಹಾಕಬೇಡಿ. ಮುಖ್ಯ ಮಟ್ಟನ್ನು ಬಾಯಲ್ಲಿ ಹಾಡಿ, ಆಮೇಲೆ ಒಂದೇ ತಂತಿಯ ಮೇಲೆ ಅದನ್ನು ನುಡಿಸಿ. ಎಳೆತ, ನಡುಕ ಸರಿ ಬಂದ ಮೇಲೆ ವೇಗದ ಭಾಗ.

ಕೊಳ್ಳುವಾಗ

ಜಪಾನಿನಲ್ಲಿ ಇವತ್ತಿಗೂ ಸಿಡಿ, ಡಿಸ್ಕ್ ಚೆನ್ನಾಗಿ ಮಾರಾಟವಾಗುತ್ತವೆ. ಸಿಡಿ ಎಲ್ಲಿಯದಾದರೂ ಓಡುತ್ತದೆ. ಕಾರ್ಯಕ್ರಮದ ವಿಡಿಯೋ ಡಿಸ್ಕ್ ತರಿಸುವ ಮುಂಚೆ ಮಾತ್ರ ಎಚ್ಚರ. ಡಿವಿಡಿಯಲ್ಲಿ ಜಪಾನ್ 2ನೇ ವಲಯ, ಭಾರತ 5ನೇ ವಲಯ. ಬ್ಲೂ-ರೇಯಲ್ಲಿ ಜಪಾನ್ ಎ, ಭಾರತ ಸಿ. ಡಿಸ್ಕ್‌ನ ಡಬ್ಬಿಯ ಹಿಂಬದಿಯಲ್ಲಿ ವಲಯದ ಗುರುತು ಇರುತ್ತದೆ. ನಾನು ಆಸೆಯಿಂದ ತರಿಸಿದ ಒಂದು ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ಓಡಲೇ ಇಲ್ಲ. ಸಾಗಣೆ, ಕಸ್ಟಮ್ಸ್ ಸುಂಕ ಎರಡನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಆನ್‌ಲೈನ್ ನೇರಪ್ರಸಾರಕ್ಕೆ ಟಿಕೆಟ್ ಕೊಂಡರೆ ಸಮಯ ನೋಡಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಸಂಜೆ 7 ಅಂದರೆ ನಮಗೆ ಮಧ್ಯಾಹ್ನ 3.30.

ಜಪಾನಿಗೇ ಹೋದರೆ

ಕೆಲಸಕ್ಕೋ ಪ್ರವಾಸಕ್ಕೋ ಜಪಾನಿಗೆ ಹೋಗುವವರು ಒಂದು ಸಂಜೆಯನ್ನಾದರೂ 'ಲೈವ್ ಹೌಸ್'ಗೆ ಇಡಿ. ಚಿಕ್ಕ ಸಂಗೀತ ಮಂದಿರ ಅದು, ಎಷ್ಟೋ ಸಲ ನೆಲಮಾಳಿಗೆಯಲ್ಲಿರುತ್ತದೆ. ಟಿಕೆಟ್ ಜೊತೆ ಒಂದು ಪಾನೀಯದ ದುಡ್ಡನ್ನು ಬೇರೆಯಾಗಿ ಕೊಡಬೇಕು, ಸಾಮಾನ್ಯವಾಗಿ 500–600 ಯೆನ್. ಚಿಲ್ಲರೆ ಇಟ್ಟುಕೊಳ್ಳಿ.

ಹಲವು ಬ್ಯಾಂಡುಗಳು ಒಂದೇ ಸಂಜೆ ನುಡಿಸುವ ಕಾರ್ಯಕ್ರಮವಾದರೆ ಬಾಗಿಲಲ್ಲಿ "ಯಾವ ಬ್ಯಾಂಡ್ ನೋಡೋಕೆ ಬಂದಿರಿ?" ಅಂತ ಕೇಳುತ್ತಾರೆ. ಅದು ಸುಮ್ನೆ ಕುಶಲ ವಿಚಾರಿಸುವುದಲ್ಲ. ಎಷ್ಟೋ ಕಡೆ ಪ್ರತಿ ಬ್ಯಾಂಡ್ ಇಷ್ಟು ಟಿಕೆಟ್ ಮಾರಬೇಕು ಅಂತ ಲೆಕ್ಕ ಇರುತ್ತದೆ. ಕಡಿಮೆ ಬಿದ್ದರೆ ಅವರೇ ಕೈಯಿಂದ ಕಟ್ಟಬೇಕು. ನೀವು ಹೇಳುವ ಹೆಸರು ಆ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಬ್ಯಾಂಡಿನ ಹೆಸರನ್ನು ಜಪಾನಿ ಉಚ್ಚಾರಣೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿ.

ಕಾರ್ಯಕ್ರಮ ಮುಗಿದ ಮೇಲೆ ಕೂಡಲೇ ಹೊರಡಬೇಡಿ. ಸಿಡಿ, ಟೀ ಶರ್ಟ್ ಮಾರುವ ಮೇಜಿಗೆ 'ಬುಪ್ಪಾನ್' ಅನ್ನುತ್ತಾರೆ. ಚಿಕ್ಕ ಜಾಗಗಳಲ್ಲಿ ನುಡಿಸಿದವರೇ ಬಂದು ಅಲ್ಲಿ ನಿಲ್ಲುತ್ತಾರೆ. ಸಾಲಿನಲ್ಲಿ ನಿಲ್ಲಿ. ನಿಮ್ಮ ಸರದಿ ಬಂದಾಗ ಎಷ್ಟು ವೇಗವಾಗಿ ನುಡಿಸಿದಿರಿ ಅಂತ ಹೇಳುವ ಬದಲು, ಯಾವ ಟ್ರ್ಯಾಕಿನ ಯಾವ ಜಾಗ ಹಿಡಿಸಿತು ಅಂತ ಹೆಸರು ಹೇಳಿ, ಬೇಕಾದರೆ ಆ ಮಟ್ಟನ್ನು ಎರಡು ಸಾಲು ಗುನುಗಿ ತೋರಿಸಿ.